ಮಿಲಿಮೀಟರ್ ಸಾಹೇಬರ ಆಯಿಲ್ ಕಡ್ಡಿ

ಲೋಕದಲ್ಲಿ ಅಳತೆ ಕೆಟ್ಟುಹೋಗಿದೆ ಎಂಬುದು ಮಿಲಿಮೀಟರ್ ಸಾಹೇಬರ ಜೀವಮಾನದ ದೂರು. ಹಾಲಿನವನ ಲೀಟರು ಲೀಟರಲ್ಲ, ದರ್ಜಿಯ ಮೀಟರು ಮೀಟರಲ್ಲ, ಡಾಕ್ಟರು 'ಎರಡು ನಿಮಿಷ ಕೂತಿರಿ' ಅಂದರೆ ಅದು ಮುಕ್ಕಾಲು ಗಂಟೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರಾಗಿದ್ದು, ಊರಿನ ಅಷ್ಟೂ ತಕ್ಕಡಿಗಳಿಗೆ ಮುದ್ರೆ ಒತ್ತಿ ನಿವೃತ್ತರಾದವರು ಅವರು. ಮಿಲಿಮೀಟರ್ ಎಂಬುದು ಅಂಗಡಿಯವರು ಇಟ್ಟ ಹೆಸರು. (ಬೆನ್ನ ಹಿಂದೆ ಮಾತ್ರ. ಎದುರಿಗೆ ಬರೀ ಸಾಹೇಬರು.) ನಿವೃತ್ತಿಯ ದಿನ ಮುದ್ರೆಯನ್ನು ಇಲಾಖೆಗೆ ಒಪ್ಪಿಸಿದರು, ಕಣ್ಣನ್ನು ಮಾತ್ರ ಮನೆಗೆ ತಂದರು. ಹೆಂಡತಿ ಕಾಫಿ ಲೋಟ ತಂದಿಟ್ಟರೆ ಬಗ್ಗಿ, ಕಣ್ಣನ್ನು ಕಾಫಿಯ ಮಟ್ಟಕ್ಕೆ ತಂದು, "ನಿನ್ನೆಗಿಂತ ಅರ್ಧ ಬೆರಳು ಕಡಿಮೆ" ಅನ್ನುವರು. ಆಕೆ ಇದಕ್ಕೆಲ್ಲ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಆ ದಿನ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ಫೋನ್ ಬಂತು. ಮಾತಾಡಿದ್ದು ಹೆಂಡತಿಯ ತಮ್ಮನ ಹೆಂಡತಿ.

"ಅತ್ತಿಗೆ, ಇವರನ್ನ ನೋಡ್ಬೇಕಾದೋರು ಇವತ್ತೇ ಬಂದು ನೋಡ್ಕೊಳ್ಳಿ ಅಂದ್ರು ಡಾಕ್ಟ್ರು. ನಾಳೆ ಅಂತ ಇಟ್ಕೋಬೇಡಿ ಅಂದ್ರು."

ಹೆಂಡತಿ ಫೋನ್ ಇಟ್ಟಳು. ಒಲೆ ಆರಿಸಿದಳು. ಬಾಗಿಲ ಹಿಂದೆ ನೇತುಹಾಕಿದ್ದ ಚೀಲ ತೆಗೆದುಕೊಂಡು ಪೋರ್ಟಿಕೋಗೆ ಬಂದು ಕಾರಿನ ಪಕ್ಕ ನಿಂತಳು. ಇಷ್ಟಕ್ಕೂ ಹಿಡಿದದ್ದು ಎರಡು ನಿಮಿಷ.

"ನಡೀರಿ."

"ಮೂರು ಗಂಟೆ ದಾರಿ ಕಣೇ. ಆಯಿಲ್ ನೋಡದೆ ಗಾಡಿ ತೆಗೆಯೋ ಹಾಗಿಲ್ಲ."

ಆ ಮನೆಯಲ್ಲಿ 'ಆಯಿಲ್' ಎಂಬ ಮಾತಿಗೆ ಹನ್ನೊಂದು ವರ್ಷದ ಇತಿಹಾಸವಿತ್ತು.

ಹೆಂಡತಿಯ ತಮ್ಮನದು ಬೇರೆ ಊರಿನಲ್ಲಿ ಕಾರ್ ಗ್ಯಾರೇಜು. ಹನ್ನೊಂದು ವರ್ಷದ ಹಿಂದೆ ಅಕ್ಕನ ಮನೆಗೆ ಬಂದವನು ಸುಮ್ಮನೆ ಉಂಡು ಹೋಗಬಹುದಿತ್ತು. ಕೈ ಸುಮ್ಮನಿರಬೇಕಲ್ಲ! ಬಾನೆಟ್ ಎತ್ತಿ, ಇಂಜಿನ್ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ, "ಒಂದು ಲೀಟರ್ ಕಡಿಮೆ ಇದೆ ಭಾವ" ಅಂದ.

"ಕಣ್ಣು ನೆಟ್ಟಗಿದೆಯೇನಯ್ಯಾ? ಮೇಲಿನ ಗೆರೆಗೆ ಸರಿಯಾಗಿದೆ ನೋಡು."

"ಕಡ್ಡೀಲಿದೆ ಭಾವ, ಇಂಜಿನ್ನಲ್ಲಿಲ್ಲ. ನಿಮ್ಮ ಪೋರ್ಟಿಕೋ ಮಟ್ಟವಾಗಿಲ್ಲ. ನೀರು ಹರಿದು ಹೋಗ್ಲಿ ಅಂತ ಗಾರೆಯವನು ಗೇಟಿನ ಕಡೆ ವಾಟ ಕೊಟ್ಟಿದಾನೆ. ಗಾಡಿ ಹಿಂಭಾಗ ತಗ್ಗಿನಲ್ಲಿದೆ. ಆಯಿಲೆಲ್ಲ ಹಿಂದಕ್ಕೆ ಸರಿದು ಕಡ್ಡಿ ಹತ್ರ ನಿಂತ್ಕೊಂಡು ಜಾಸ್ತಿ ತೋರಿಸ್ತಿದೆ. ಬೇಕಾದ್ರೆ ಒಂದು ಚೊಂಬು ನೀರು ಸುರಿದು ನೋಡಿ."

ಸಾಹೇಬರು ಸುರಿಯಲಿಲ್ಲ. ಆ ನೆಲ ಹಾಕುವಾಗ ನಾಲ್ಕು ದಿನ ಬಿಸಿಲಿನಲ್ಲಿ ಕೊಡೆ ಹಿಡಿದು ನಿಂತು, ಮಟ್ಟ ಸರಿಯಿದೆ ಎಂದು ಸ್ವತಃ ಘೋಷಿಸಿದ್ದವರು ಅವರು. ಮುದ್ರೆ ಬಿದ್ದ ತಕ್ಕಡಿಯನ್ನು ಗಿರಾಕಿಯ ಮಾತು ಕೇಳಿ ಮರುಪರೀಕ್ಷೆ ಮಾಡುವ ಸಂಪ್ರದಾಯ ಅವರದಲ್ಲ. ಬಾಮೈದ ನಕ್ಕ. ಆಯಿಲ್ ಕಡಿಮೆ ಎಂದದ್ದನ್ನಾದರೂ ಕ್ಷಮಿಸಬಹುದಿತ್ತೇನೋ, ನಕ್ಕದ್ದನ್ನು ಕ್ಷಮಿಸುವಂತಿರಲಿಲ್ಲ. "ನನ್ನ ನೆಲ ಸೊಟ್ಟ ಅನ್ನೋನು ಈ ನೆಲದ ಮೇಲೆ ಕಾಲಿಡಬೇಡ" ಎಂದುಬಿಟ್ಟರು. ಅವನು ಇಡಲಿಲ್ಲ.

ಅಂದಿನಿಂದ ಅಕ್ಕ ತಮ್ಮ ಮುಖ ನೋಡಿಕೊಂಡದ್ದು ಯಾರದೋ ಮದುವೆಗಳಲ್ಲಿ. ಉಳಿದಂತೆ ಫೋನು. ಸಾಹೇಬರ ಸ್ನಾನಕ್ಕೆ ಕರಾರುವಾಕ್ಕಾಗಿ ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷದೊಳಗೆ ಅವರಿಬ್ಬರೂ ಕಷ್ಟಸುಖ ಮಾತಾಡಿ ಮುಗಿಸುತ್ತಿದ್ದರು. ಇತ್ತ ಸಾಹೇಬರು, ಸರ್ವೀಸ್ ಮಾಡಿಸಿ ತಂದ ಕಾರನ್ನು ಪೋರ್ಟಿಕೋದಲ್ಲಿ ನಿಲ್ಲಿಸಿ ಕಡ್ಡಿ ಅದ್ದಿ, "ಜಾಸ್ತಿ ಸುರಿದಿದಾರೆ ಬೇಜವಾಬ್ದಾರಿ ನನ್ಮಕ್ಳು" ಎಂದು ಬೈದು, ಕಡ್ಡಿಯ ತೂತಿನೊಳಗೆ ಸಣ್ಣ ಪೈಪು ಬಿಟ್ಟು ಸಿರಿಂಜಿನಿಂದ ಒಂದು ಲೀಟರ್ ಆಯಿಲನ್ನು ಹೀರಿ ತೆಗೆಯುತ್ತಿದ್ದರು. ಇಂಜಿನ್ ಟಕಟಕ ಎನ್ನತೊಡಗಿತು. "ಅದಕ್ಕೂ ವಯಸ್ಸಾಯ್ತು" ಅಂದರು.

ಬಾಮೈದ ಆಸ್ಪತ್ರೆ ಸೇರಿ ಒಂದೂವರೆ ತಿಂಗಳಾಗಿತ್ತು. ಹೋಗಿ ಬರೋಣ ಎಂದು ಹೆಂಡತಿ ಮೂರು ಸಲ ಕೇಳಿದ್ದಳು. "ಅವನೇ ಕರೀಲಿ" ಎಂದು ಮೂರು ಸಲವೂ ಉತ್ತರ ಬಂದಿತ್ತು. ಈಗ ಕರೆ ಬಂದಿದೆ, ಡಾಕ್ಟರ ಬಾಯಿಂದ.

ಹೆಂಡತಿ ಕಾರಿನೊಳಗೆ ಕೂತು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಸಾಹೇಬರು ಇಂಜಿನ್ ಶುರು ಮಾಡಿ, ಬಿಸಿಯಾಗುವ ತನಕ ಬಿಟ್ಟು, ಆರಿಸಿ, ಬಾನೆಟ್ ಎತ್ತಿದರು. ಆಕೆಯ ಕಣ್ಣೆದುರಿನ ಗಾಜಿನ ತುಂಬ ಬಾನೆಟ್ಟಿನ ತಗಡು ಬಂದು ನಿಂತಿತು.

"ಏನ್ರೀ ಮಾಡ್ತಿದೀರಿ?"

"ಹತ್ತು ನಿಮಿಷ ಬಿಡಬೇಕು. ಆಯಿಲೆಲ್ಲ ಕೆಳಗಿಳಿದು ನಿಲ್ಲಬೇಕು. ಅಲ್ಲೀವರೆಗೆ ನೋಡೋದೆಲ್ಲ ಸುಳ್ಳು."

"ರೀ, ನನ್ನ ತಮ್ಮ ಸಾಯ್ತಿದಾನೆ."

"ಗೊತ್ತು ಕಣೇ. ಅದಕ್ಕೇ ಹೇಳ್ತಿರೋದು. ದಾರೀಲಿ ಗಾಡಿ ಕೈ ಕೊಟ್ರೆ ಏನ್ ಮಾಡ್ತೀಯ?"

"ಬಸ್ಸಿಗೆ ಹೋಗಿದ್ರೆ ಇಷ್ಟೊತ್ತಿಗೆ ಊರು ದಾಟಿರ್ತಿದ್ದೆ."

"ಬಸ್ಸಿನೋರು ಆಯಿಲ್ ನೋಡ್ತಾರೆ ಅಂತ ಏನು ಗ್ಯಾರಂಟಿ?"

ಗಡಿಯಾರದ ಪ್ರಕಾರ ಹತ್ತು ನಿಮಿಷವಾದ ಮೇಲೆ ಸಾಹೇಬರು ಕಡ್ಡಿ ಎಳೆದರು. ಮೊದಲ ಸಲ ಎಳೆದದ್ದು ಲೆಕ್ಕಕ್ಕಿಲ್ಲ. ಹಳೇ ಬಿಳಿ ಬನಿಯನ್ನಿನಿಂದ ಒರೆಸಿ, ಕೊನೆಮುಟ್ಟ ಒಳಗೆ ತೂರಿಸಿ, ಮತ್ತೆ ಎಳೆದದ್ದೇ ನಿಜವಾದ ಅಳತೆ. ಕಡ್ಡಿಯನ್ನು ಅಡ್ಡ ಹಿಡಿದು ಭೂತಗನ್ನಡಿ ಇಟ್ಟು ಎರಡೂ ಬದಿ ನೋಡಿದರು. ಒಂದು ಬದಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿತ್ತು. ಒರೆಸಿ ಮತ್ತೆ ಅದ್ದಿದರು. ಮತ್ತೂ ಒಮ್ಮೆ ಅದ್ದಿದರು. ಕೊನೆಗೆ ಬಾನೆಟ್ ಮುಚ್ಚಿ, ಜಯಶಾಲಿಯಾಗಿ ಬಂದು ಕೂತರು.

"ಮೇಲಿನ ಗೆರೆ. ಫುಲ್."

ಹತ್ತೂ ಮೂವತ್ತೆರಡಕ್ಕೆ ಹೊರಟರು. ಮೂರು ಗಂಟೆಯ ದಾರಿಯಲ್ಲಿ ಆಕೆ ಆಡಿದ್ದು ಒಂದೇ ಮಾತು. ತಿರುವು ಬಂದಾಗಲೆಲ್ಲ ಸ್ಟೇರಿಂಗಿನ ಹಿಂದೆ ಆಯಿಲಿನ ಕೆಂಪು ದೀಪ ಮಿಣುಕ್ಕೆಂದು ಹತ್ತಿ ಆರುತ್ತಿತ್ತು.

"ದೀಪ ಹತ್ತುತ್ತಿದೆ."

"ಬಲ್ಬು ಕೆಟ್ಟಿದೆ. ಈಗ ತಾನೇ ಕಣ್ಣಾರೆ ನೋಡಿ ಬಂದಿದೀನಿ. ದೀಪ ನಂಬ್ಲಾ, ನನ್ನ ಕಣ್ಣು ನಂಬ್ಲಾ?"

ಆಸ್ಪತ್ರೆಯ ಕೋಣೆ ನೆಲದ ಅಂತಸ್ತಿನಲ್ಲೇ, ಕಿಟಕಿ ಗೇಟಿನ ಕಡೆಗೆ. ಸಾಹೇಬರು ಹೆಂಡತಿಯ ಹಿಂದೆ ಒಳಗೆ ಹೋದರು. ಒಬ್ಬನೇ ಇಂಜಿನ್ ಎತ್ತುತ್ತಿದ್ದ ಎತ್ತಿನಂಥ ಆಳು ಹಾಸಿಗೆಯ ಮೇಲೆ ಹೊದಿಕೆಯ ಮಡಿಕೆಯಂತೆ ಬಿದ್ದಿದ್ದ. ಉಗುರಿನ ಸಂದಿಯ ಕರಿ ಮಾತ್ರ ಹೋಗಿರಲಿಲ್ಲ.

"ನೀವು ಬಂದಿದ್ದು ಇವರಿಗೆ ಆಗ್ಲೇ ಗೊತ್ತಾಯ್ತು ಅತ್ತಿಗೆ" ಎಂದಳು ತಮ್ಮನ ಹೆಂಡತಿ, ಕಣ್ಣೊರೆಸಿಕೊಂಡು. "ಗೇಟಲ್ಲಿ ಗಾಡಿ ಸದ್ದು ಕೇಳಿ 'ಭಾವ ಬಂದ್ರು, ಆಯಿಲ್ ಇಲ್ಲ' ಅಂದ್ರು."

ಅಕ್ಕ ತಮ್ಮನ ಕೈ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತಳು. ಹನ್ನೆರಡು ನಿಮಿಷದ ಗಡುವಿಲ್ಲದೆ ಮಾತಾಡುವುದು ಇಬ್ಬರಿಗೂ ಮರೆತುಹೋಗಿತ್ತು. ಸಾಹೇಬರು ಗೋಡೆಗೆ ಒರಗಿ, ಡ್ರಿಪ್ಪಿನ ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತ ನಿಂತರು.

"ಭಾವ" ಎಂದ ಬಾಮೈದ. ಉಸಿರಿಗೆ ಮಾತು ಭಾರವಾಗಿತ್ತು. "ಆಯಿಲ್ ನೋಡಿದ್ರಾ?"

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಸಾಹೇಬರ ಬಾಯಿ ಕೇಳಬೇಕಲ್ಲ. "ನೋಡ್ದೆ. ಮೇಲಿನ ಗೆರೆ. ಫುಲ್."

ಹೆಂಡತಿ ತಿರುಗಿ ನೋಡಿದಳು. ಆ ನೋಟವನ್ನು ಅಳೆಯುವ ಸಾಧನ ಇಲಾಖೆಯಲ್ಲಿರಲಿಲ್ಲ.

ಬಾಮೈದನಿಗೆ ನಗು ಬಂತು, ನಗುವಿಗೆ ಕೆಮ್ಮು ಬಂತು. "ಇಲ್ಲಿ ನೋಡಿ ಭಾವ. ಆಂಬುಲೆನ್ಸ್ ನಿಲ್ಲೋ ಜಾಗ ಇದೆಯಲ್ಲ, ಅದು ಮಟ್ಟವಾಗಿದೆ. ಸ್ಟ್ರೆಚರ್ ಕೈ ಬಿಟ್ರೂ ಉರುಳಲ್ಲ. ಒಂದೂವರೆ ತಿಂಗಳಿಂದ ಕಿಟಕೀಲಿ ನೋಡ್ತಿದೀನಿ. ಅಲ್ಲಿ ನಿಲ್ಸಿ ನೋಡ್ಬನ್ನಿ." ಸ್ವಲ್ಪ ಸುಧಾರಿಸಿಕೊಂಡು, "ಮಂಚದ ಕೆಳಗೆ ಒಂದು ಲೀಟರ್ ಆಯಿಲ್ ಡಬ್ಬ ಇದೆ. ನಿಮಗೇ ಅಂತ ಗ್ಯಾರೇಜಿಂದ ತರಿಸಿಟ್ಟಿದೀನಿ" ಎಂದ.

"ಡಬ್ಬ ಬೇಕಾಗಲ್ಲ" ಎಂದರು ಸಾಹೇಬರು. ಆದರೆ ಹೊರಟರು. ನಿಜ ಹೇಳಬೇಕೆಂದರೆ, ಆ ಕೋಣೆಯಿಂದ ಹೊರಬೀಳಲು ಅವರಿಗೊಂದು ನೆವ ಬೇಕಿತ್ತು. ಸಾಯುವವರ ಎದುರು ನಿಲ್ಲುವುದಕ್ಕಿಂತ ಬಾನೆಟ್ಟಿನ ಎದುರು ನಿಲ್ಲುವುದು ಅವರಿಗೆ ಸುಲಭವಾಗಿತ್ತು.

ಆಂಬುಲೆನ್ಸಿನ ಜಾಗಕ್ಕೆ ಕಾರು ತಂದು ನಿಲ್ಲಿಸಿದ್ದೇ ವಾಚ್‌ಮನ್ ಓಡಿಬಂದ.

"ತೆಗೀರಿ ಸಾರ್, ತೆಗೀರಿ! ಇದು ಸೀರಿಯಸ್ ಕೇಸಿಗೆ ಮಾತ್ರ."

"ಸೀರಿಯಸ್ಸೇ ಕಣಯ್ಯ. ಹತ್ತು ನಿಮಿಷ."

"ಪೇಷೆಂಟ್ ಎಲ್ಲಿ?"

ಸಾಹೇಬರು ಬಾನೆಟ್ ಎತ್ತಿದರು. ವಾಚ್‌ಮನ್ ಒಳಗೆ ಬಗ್ಗಿ ನೋಡಿ, ಇವರ ಮುಖ ನೋಡಿ, ಮನೆಯಲ್ಲಿ ಯಾರಿಗೋ ಕಾಯಿಲೆ ಜಾಸ್ತಿಯಾಗಿ ಇವರ ತಲೆ ಕೆಟ್ಟಿರಬೇಕು ಎಂದುಕೊಂಡು ದೂರ ಹೋಗಿ ನಿಂತ.

ಸಾಹೇಬರು ವಾಚು ನೋಡುತ್ತ ಹತ್ತು ನಿಮಿಷ ಕಾದರು. ಹನ್ನೊಂದು ವರ್ಷದ ವ್ಯಾಜ್ಯ ಇದು, ಒಂಬತ್ತೂವರೆ ನಿಮಿಷಕ್ಕೆ ತೀರ್ಪು ಕೊಡುವಂತಿಲ್ಲ. ಆಮೇಲೆ ಕಡ್ಡಿ ಎಳೆದು, ಒರೆಸಿ, ತೂರಿಸಿ, ಎಳೆದರು.

ಮೇಲಿನ ಗೆರೆ ಒಣಗಿತ್ತು. ಕೆಳಗಿನ ಗೆರೆಯೂ ಒಣಗಿತ್ತು. ತುದಿಯಲ್ಲಿ, ಕಾಡಿಗೆ ತೀಡಿದ ಹಾಗೆ, ಒಂದಿಷ್ಟು ಕರಿ ಪಸೆ.

ಒರೆಸಿ ಮತ್ತೆ ಅದ್ದಿದರು. ಮತ್ತೆ ಅದ್ದಿದರು. ಭೂತಗನ್ನಡಿಯಲ್ಲಿ ನೋಡಿದರೆ ಪಸೆ ದೊಡ್ಡದಾಗಿ ಕಂಡಿತೇ ಹೊರತು ಗೆರೆ ಮುಟ್ಟಲಿಲ್ಲ. ಕಡಿಮೆಯೆಂದರೂ ಒಂದು ಲೀಟರ್ ಕೊರತೆ. ಸಿರಿಂಜಿನಲ್ಲಿ ಹೀರಿ ತೆಗೆದ ಲೀಟರುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಮುದ್ರೆ ಒತ್ತಿದ ತಕ್ಕಡಿ ಸುಳ್ಳು. ಒತ್ತಿದ ಕೈ ಸುಳ್ಳು. ಅದರ ಮೇಲೆ ಹನ್ನೊಂದು ವರ್ಷ ಒಬ್ಬ ಮನುಷ್ಯನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೂ ಸುಳ್ಳೇ.

ಒಂದು ಮಾತು ಅವರ ಪರವಾಗಿ ಹೇಳಬೇಕು. ಅವರು ಕಡ್ಡಿಯನ್ನು ಒರೆಸಿಡಲಿಲ್ಲ. ಮುಚ್ಚಿಡಲೂ ಇಲ್ಲ. ಬಾನೆಟ್ ತೆರೆದೇ ಬಿಟ್ಟು, ಆ ಪಸೆ ಜಾರದಂತೆ ಕಡ್ಡಿಯನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದುಕೊಂಡು ಒಳಕ್ಕೆ ನಡೆದರು. 'ನೀನು ಹೇಳಿದ್ದೇ ಸರಿ' ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯೊಳಗೆ ಹೇಳಿ ನೋಡಿದರು. ಅರವತ್ತೈದು ವರ್ಷದಲ್ಲಿ ಒಮ್ಮೆಯೂ ಆಡದ ಮಾತು, ನಾಲಿಗೆ ತೊಡರುತ್ತಿತ್ತು. ಅದೇನೋ ಆಪರೇಷನ್ನಿನ ಸಾಮಾನಿರಬೇಕೆಂದು ಎದುರಿಗೆ ಬಂದವರೆಲ್ಲ ಗೋಡೆಗೆ ಸರಿದು ದಾರಿ ಬಿಟ್ಟರು.

ಕೋಣೆಯಲ್ಲಿ ನರ್ಸು ಡ್ರಿಪ್ಪಿನ ನಳಿಕೆ ಬಿಚ್ಚುತ್ತಿದ್ದಳು. ತಮ್ಮನ ಹೆಂಡತಿ ಗೋಡೆಗೆ ತಲೆಯಿಟ್ಟು ಅಳುತ್ತಿದ್ದಳು. ಅಕ್ಕ ಮಾತ್ರ ಅದೇ ಜಾಗದಲ್ಲಿ, ಅದೇ ಕೈ ಹಿಡಿದುಕೊಂಡು ಕೂತಿದ್ದಳು. ಹೊದಿಕೆ ಮುಖದ ತನಕ ಬಂದಿತ್ತು.

ಸಾಹೇಬರು ಬಾಗಿಲಲ್ಲೇ ನಿಂತರು. ಹೆಂಡತಿ ಅವರನ್ನೂ, ಅವರ ಕೈಯಲ್ಲಿದ್ದ ಕಡ್ಡಿಯನ್ನೂ ನೋಡಿದಳು.

"ಕೆಳಗಿನ ಗೆರೇನೂ ಇಲ್ಲ" ಎಂದರು ಸಾಹೇಬರು. "ಅವನು ಹೇಳಿದ್ದೇ ಸರಿ. ಅವನಿಗೆ ಹೇಳೋಣ ಅಂತ ಬಂದೆ."

"ಹೇಳಾಯ್ತು."

"ಯಾರು ಹೇಳಿದ್ರು?"

"ನಾನೇ. 'ಭಾವ ಏನಂದ್ರು' ಅಂತ ಎರಡು ಸಲ ಕೇಳ್ದ. 'ಕಿಟಕೀಲಿ ಕೂಗಿ ಹೇಳಿದ್ರು ಕಣೋ, ನೀನೇ ಸರಿಯಂತೆ, ತಪ್ಪಾಯ್ತಂತೆ' ಅಂದೆ. ಕೇಳಿಸ್ಕೊಂಡ. ಆಮೇಲೆ ಹೋದ."

ಜೀವಮಾನದಲ್ಲಿ ಒಂದೇ ಒಂದು ಸಲ ತಪ್ಪು ಒಪ್ಪಿಕೊಳ್ಳಲು ಹೊರಟಿದ್ದರು ಸಾಹೇಬರು. ಅದನ್ನೂ ಅವರಿಗಿಂತ ಮುಂಚೆ ಬೇರೆಯವರು ಒಪ್ಪಿಕೊಂಡು ಮುಗಿಸಿದ್ದರು. ದುಃಖವೂ ಬಂತು, ಅವಮಾನವೂ ಆಯಿತು. ಎರಡರ ನಡುವೆ ಮೂವತ್ತನಾಲ್ಕು ವರ್ಷದ ಇನ್ಸ್‌ಪೆಕ್ಟರು ಬಾಯಿ ಹಾಕಿಬಿಟ್ಟ.

"ನಾನು ಇನ್ನೂ ನೋಡೇ ಇರ್ಲಿಲ್ವಲ್ಲೇ. ಅಳತೆ ಇಲ್ದೆ ಹೆಂಗೆ ಹೇಳ್ದೆ?"

ಹೆಂಡತಿ ತಮ್ಮನ ಕೈಯನ್ನು ಹೊದಿಕೆಯೊಳಗೆ ಇಟ್ಟಳು. ಎದ್ದು ಸೆರಗು ಸರಿ ಮಾಡಿಕೊಂಡಳು.

"ದಿನಾ ಬೆಳಿಗ್ಗೆ ಆ ಪೋರ್ಟಿಕೋ ತೊಳೆಯೋಳು ನಾನು. ನೀರು ಯಾವ ಕಡೆ ಹರಿಯುತ್ತೆ ಅಂತ ನನಗೆ ಗೊತ್ತಿಲ್ವಾ?"

"ಒಂದು ದಿನವೂ ಹೇಳ್ಲಿಲ್ಲ ನೀನು."

"ಹೇಳಿದೋನು ಹನ್ನೊಂದು ವರ್ಷ ಹೊರಗಿದ್ದ."

ಹೊರಗೆ ವಾಚ್‌ಮನ್ ಬಾನೆಟ್ ತೆರೆದಿಟ್ಟು ಹೋದ ಗಾಡಿ ಯಾರದೆಂದು ಕೂಗುತ್ತಿದ್ದ. ತಮ್ಮನನ್ನು ಮನೆಗೆ ಕರೆದೊಯ್ಯಲು ಆಂಬುಲೆನ್ಸಿಗೆ ಆ ಜಾಗ ಬೇಕಾಗಿತ್ತು. ಅದರ ಹಿಂದೆ ಇವರ ಕಾರೂ ಹೋಗಬೇಕಾಗಿತ್ತು. ಹೆಂಡತಿ ಬಗ್ಗಿ, ಮಂಚದ ಕೆಳಗಿದ್ದ ಡಬ್ಬವನ್ನು ಎಳೆದು ಗಂಡನ ಕೈಗೆ ಕೊಟ್ಟಳು.

"ಹೋಗಿ, ಪೂರ್ತಿ ಸುರೀರಿ. ಅಳೀಬೇಡಿ."