ಅವ್ವನ ಅಂಬಲಿಯೂ ನಮ್ಮ ಮೂಲವೂ

ಬೇಸಿಗೆಯಲ್ಲಿ ನನ್ನ ತಲೆ ಕೆಲಸ ಮಾಡುವುದಿಲ್ಲ. ಉಳಿದ ಕಾಲದಲ್ಲಿ ಮಾಡುತ್ತದೆಯೇ ಎಂದು ಹೆಂಡತಿ ನೀಲವ್ವ ಕೇಳುತ್ತಾಳೆ. ಆ ಮಾತು ಬಿಡಿ. ಗಜೇಂದ್ರಗಡದ ಬಿಸಿಲು ಗುಡ್ಡದ ಬಂಡೆಗೆ ಬಡಿದು, ಇನ್ನಷ್ಟು ಕಾದು, ನೇರ ನಮ್ಮ ನೇಕಾರರ ಓಣಿಗೇ ಇಳಿಯುತ್ತದೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವನಿಗೆ ಮಧ್ಯಾಹ್ನ ಬೇಕಾಗುವುದು ಕಟಕ ರೊಟ್ಟಿ, ಜಜ್ಜಿದ ಹಸಿ ಉಳ್ಳಾಗಡ್ಡಿ, ತಂಬಿಗೆ ತುಂಬ ತಣ್ಣನೆಯ ಜೋಳದ ಅಂಬಲಿ. ಇಷ್ಟು ಸಾದಾ ಊಟದಿಂದ ಮಗಳ ಮದುವೆಯೇ ಅಲ್ಲಾಡೀತೆಂದು ನಾನೇನು ಕನಸು ಕಂಡಿದ್ದೆನೆ?

ನೀಲವ್ವನ ಅಂಬಲಿ ಅಂದರೆ ಓಣಿಯಲ್ಲೆಲ್ಲ ಹೆಸರು. ಮಜ್ಜಿಗೆ, ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ, ಎಲ್ಲ ಬರೋಬ್ಬರಿ. ಆದರೆ ಲಗ್ನವಾದಾಗಿನಿಂದ ನಾನು ಕುಡಿದು ಮೀಸೆ ಒರೆಸಿಕೊಂಡು ಅನ್ನುವುದು ಒಂದೇ ಮಾತು: "ಚಲೋ ಐತಿ, ಖರೇ. ಆದ್ರ ಅವ್ವನ ಅಂಬಲಿ ರುಚಿ ಬರಲಿಲ್ಲ ನೋಡು." ಪಾಪ, ಅವಳು ಬೆಳ್ಳುಳ್ಳಿ ಹೆಚ್ಚಿಸಿದಳು, ಇಳಿಸಿದಳು, ಹಿಟ್ಟು ಹುಳಿ ಬರಿಸಿದಳು, ಗಡಿಗೆಯನ್ನೇ ಬದಲಿಸಿದಳು. ಕೊನೆಗೆ ಒಂದು ದಿನ ಸೌಟು ಕುಕ್ಕಿ, "ನಿಮ್ಮವ್ವ ಏನ ಹಾಕತಿದ್ಲು, ಅದನ್ನರ ಹೇಳ್ರಿ!" ಎಂದಳು. ಹೇಳಲು ನನಗೆ ಗೊತ್ತಿದ್ದರೆ ತಾನೆ? ನನಗಾಗ ಬುದ್ಧಿ ತಿಳಿಯದ ವಯಸ್ಸು. ನೆನಪಿರುವುದು ಮಗ್ಗದ ಅಡಿಯ ತಂಪು, ಬಟ್ಟಲು ಹಿಡಿದ ಅವ್ವನ ಕೈ, ನುಣ್ಣಗೆ ಗಂಟಲಿಗೆ ಇಳಿಯುತ್ತಿದ್ದ ಒಂದು ಸಪ್ಪೆ ಹುಳಿ. ಅವ್ವ ಹೋಗಿ ಎಷ್ಟೋ ವರ್ಷವಾಯಿತು, ಕೇಳುವುದು ಯಾರನ್ನು?

ಇದರ ಮೇಲೆ ಮೂಲದ ಗೊಂದಲ ಬೇರೆ. ನಮ್ಮ ಮನೆತನ ನರಗುಂದದ್ದು ಎಂದು ಅವ್ವ ಹೇಳುತ್ತಿದ್ದಳು. ರೋಣದಲ್ಲಿರುವ ಅಪ್ಪನ ಅಕ್ಕ ಬಸವ್ವತ್ತಿ, "ರೋಣದ್ದೋ, ಹುಚ್ಚಪ್ಪ!" ಅನ್ನುತ್ತಾಳೆ. ಹಸಿ ಬೆಳ್ಳುಳ್ಳಿ ಹಾಕಿದರೆ ನರಗುಂದದ ಅಂಬಲಿಯಂತೆ, ಹುರಿದು ಹಾಕಿದರೆ ರೋಣದ್ದಂತೆ. ನಮ್ಮ ಮನೆಯಲ್ಲಿ ಹೆಂಗಸರಿಗೆ ಪುರಸೊತ್ತಿದ್ದರೆ ಹುರಿಯುತ್ತಾರೆ, ಇಲ್ಲದಿದ್ದರೆ ಇಲ್ಲ. ಕುಂಪಣಿ ಸರಕಾರದವರು ಸರಪಳಿ ಹಿಡಿದು ಸುತ್ತಲ ಹೊಲವನ್ನೆಲ್ಲ ಅಳೆಯುತ್ತಿದ್ದಾರೆ. ನನ್ನ ಮೂಲಕ್ಕೆ ಮುಟ್ಟುವ ಸರಪಳಿ ಅವರಲ್ಲೂ ಇರಲಿಕ್ಕಿಲ್ಲ.

ಈ ವರ್ಷ ಮಗಳು ಗೌರಿಗೆ ಸೂಡಿಯ ನೇಕಾರರ ಮನೆಯಿಂದ ಸಂಬಂಧ ಬಂತು. ಹುಡುಗ ಅವಳಿಗೆ ಒಪ್ಪಿಗೆಯೇ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಸೂಡಿಯ ಹೊಂಡದ ನೀರು ಭಾಳ ಸಿಹಿಯಂತೆ ಎಂದು ಹೋದಲ್ಲಿ ಬಂದಲ್ಲಿ ಹೇಳತೊಡಗಿದ್ದಳು. ತೊಡಕು ಹುಡುಗನ ಅಜ್ಜನದು. "ಮೂಲ ಗೊತ್ತಿಲ್ಲದ ಮನಿ ಹೆಣ್ಣು ನಮಗ ಬ್ಯಾಡ. ನಾನ ಬಂದು ಕೇಳತೀನಿ" ಎಂದು ಹೇಳಿಕಳಿಸಿದ್ದ. ನೀಲವ್ವ ನನ್ನ ಗದ್ದ ಹಿಡಿದು ಬೇಡಿಕೊಂಡಳು: "ಯಾವುದರ ಒಂದ ಊರು ಹೇಳ್ರಿ. ಎರಡ ಮಾತ್ರ ಹೇಳಬ್ಯಾಡ್ರಿ."

ಆ ಅಜ್ಜ ಬರುವ ದಿನ ಬೆಳಿಗ್ಗೆ ಓಣಿಯಲ್ಲಿ ಹಾಸು ಹೂಡಿದ್ದೆ. ಸೀರೆಯ ಉದ್ದೆಳೆಗಳನ್ನು ಬೀದಿಯುದ್ದ ಎಳೆದು ಕಟ್ಟಿ, ಬಿಸಿಲೇರುವ ಮೊದಲು ಜೋಳದ ಗಂಜಿ ಸವರಬೇಕು. ಆಗಲೇ ನೂಲಿಗೆ ಕಸುವು. ಗೌರಿಯ ಮದುವೆಯ ಸೀರೆ ಅದು. ಸಂಬಂಧ ಕುದುರುವ ಮೊದಲೇ ಸೀರೆ ಹೂಡಿದವನು ನಾನೊಬ್ಬನೇ ಇರಬೇಕು. ನೆರಳಲ್ಲಿ ಒದ್ದೆ ಬಟ್ಟೆ ಮುಚ್ಚಿದ ಎರಡು ಗಡಿಗೆಗಳಿದ್ದವು, ಒಂದರಲ್ಲಿ ನೂಲಿನ ಗಂಜಿ, ಇನ್ನೊಂದರಲ್ಲಿ ಬೀಗರಿಗೆಂದು ನೀಲವ್ವ ಮಾಡಿಟ್ಟ ಅಂಬಲಿ. ಹಿಂದಿನ ದಿನವೇ ಬಂದಿಳಿದಿದ್ದ ಬಸವ್ವತ್ತಿ ನನ್ನ ಬೆನ್ನು ಹತ್ತಿ, "ನರಗುಂದ ಅಂದ್ಯೋ, ನಾ ಎದ್ದ ಹೋಗಾಕಿ!" ಎಂದು ಗುಡುಗುತ್ತಿದ್ದಳು. ನಾನು ಹ್ಞೂಂ ಹ್ಞೂಂ ಅನ್ನುತ್ತ ಕೈಗೆ ಸಿಕ್ಕ ಗಡಿಗೆ ಎತ್ತಿಕೊಂಡು ಹೋಗಿ ಎಳೆಗಳಿಗೆಲ್ಲ ಸವರಿ ಬಂದೆ.

ಹೊತ್ತೇರಿದ ಮೇಲೆ ಅಜ್ಜ ಬಂದ. ಬಿಸಿಲಲ್ಲಿ ನಡೆದು ಬಂದವನ ತುಟಿ ಒಣಗಿತ್ತು. ನೀಲವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳೆಂದು ನಾನೇ ಉಳಿದ ಗಡಿಗೆಯಿಂದ ಅವನಿಗೊಂದು ಬಟ್ಟಲು ಬಗ್ಗಿಸಿ, ನನಗೊಂದು ಬಗ್ಗಿಸಿಕೊಂಡೆ. ಒಂದು ಗುಟುಕು ಇಳಿಯಿತು ನೋಡಿ, ನನ್ನ ಕಣ್ಣಲ್ಲಿ ನೀರೇ ಬಂತು. "ಏ ನೀಲವ್ವಾ! ಇದ ನೋಡ, ಅವ್ವನ ಅಂಬಲಿ! ಕಡೀಕೂ ಮಾಡಿದಿ!"

ನೀಲವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಗಡಿಗೆ ನೋಡಿದಳು, ಅಜ್ಜನ ಬಟ್ಟಲು ನೋಡಿದಳು, ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಅದು ನೂಲಿಗೆ ಹಾಕೋ ಗಂಜೀರಿ!"

ಮುಗಿಯಿತು ಅಂದುಕೊಂಡೆ. ಬೀಗರಿಗೆ ಮಗ್ಗದ ಗಂಜಿ ಕುಡಿಸಿದವನ ಮನೆಯಿಂದ ಯಾರು ಹೆಣ್ಣು ಒಯ್ದಾರು? ಬಾಗಿಲ ಸಂದಿಯಲ್ಲಿ ಗೌರಿಯ ಮುಖ ಬಿಳಿಚಿಕೊಂಡಿತ್ತು. ಆಗ ಬಸವ್ವತ್ತಿ, ಊರೆಲ್ಲ ಕೇಳುವಂತೆ ಮಾತಾಡುವ ನಮ್ಮ ಬಸವ್ವತ್ತಿ, ಮೆಲ್ಲಗೆ ಹೇಳಿದಳು: "ಅಂವ ಸುಳ್ಳ ಹೇಳಿಲ್ಲವ್ವಾ. ಅದು ಅವರವ್ವನ ಅಂಬಲೀನ. ಇಂವ ಸಣ್ಣಾಂವಿದ್ದಾಗ ಒಂದ ಬ್ಯಾಸಗ್ಯಾಗ ಮನ್ಯಾಗ ಕಾಳ ಇರಲಿಲ್ಲ. ನೂಲಿಗಂತ ಸಾವ್ಕಾರ ಕೊಟ್ಟ ಹಿಟ್ಟಿನಾಗ ಗಂಜಿ ಕಾಸಿ, ಅರ್ಧಾ ನೂಲಿಗೆ, ಅರ್ಧಾ ಇವಗ. ತಾ ನೀರ ಕುಡದು, ನಂದ ಊಟ ಆತು ಅಂತಿದ್ಲು."

ಅವ್ವ ಏನು ಹಾಕುತ್ತಿದ್ದಳೆಂದು ನಾನು ಇಷ್ಟು ವರ್ಷ ಹುಡುಕಿದೆನಲ್ಲ, ಹಾಕಲು ಅವಳ ಹತ್ತಿರ ಉಪ್ಪೂ ಇರಲಿಲ್ಲ. ಅಜ್ಜ ಬಟ್ಟಲು ಕೆಳಗಿಡಲಿಲ್ಲ. ತಳದವರೆಗೂ ಕುಡಿದು ಬಾಯಿ ಒರೆಸಿಕೊಂಡ. "ನಮ್ಮವ್ವನೂ ಇದನ್ನ ಕುಡಿಸಿ ನನ್ನ ಉಳಿಸ್ಯಾಳ. ಮೂಲ ಸಿಕ್ತಲ್ಲ, ಇನ್ನೇನ ಕೇಳೂದು? ಗೌರವ್ವನ್ನ ಕರೀರಿ" ಎಂದ. ರೋಣವೋ ನರಗುಂದವೋ ಎಂದು ಅವನು ಕೇಳಲೇ ಇಲ್ಲ, ನನಗೆ ಇವತ್ತಿಗೂ ತಿಳಿಯದು.

ಲಗ್ನದಲ್ಲಿ ಗೌರಿ ಆ ಸೀರೆಯನ್ನೇ ಉಟ್ಟಳು. ಪಕ್ಕದ ಮನೆಯ ಆಡು ಅವಳ ಸೆರಗು ಬಿಡಲೊಲ್ಲದು. ಕಾಲಿಗೆರಗಲು ಬಂದವಳ ತಲೆ ನೇವರಿಸಿದ ಅಜ್ಜ ಸೆರಗನ್ನೊಮ್ಮೆ ಮೂಸಿ, ನನ್ನ ಕಡೆ ತಿರುಗಿ, "ಬೀಗರ, ಇದು ಭಾಳ ಚಲೋ ಅಂಬಲಿ ಇತ್ತಲ್ರಿ! ಬೆಳ್ಳುಳ್ಳಿ ಏನ ಘಮಾ!" ಎಂದ. ನೀಲವ್ವ ನನ್ನನ್ನೊಮ್ಮೆ ನೋಡಿದಳು. ನಮ್ಮ ಲಗ್ನವಾದಾಗಿನಿಂದ ಅವಳು ಕಾದಿದ್ದ ಮಾತು ಅದು. ಆಡಿದವನು ಮಾತ್ರ ನಾನಲ್ಲ.