ಬಲಕ್ಕೆ ಹಾಕಿದರೆ ನಾಲ್ಕೂ ಮಿನುಗಿದ್ದು

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಬೆರಗಾಗುವ ಚಟ. ಇದರಿಂದ ಆರೋಗ್ಯಕ್ಕೆ ಕೇಡಿಲ್ಲ, ಮೈಗೆ ವಾಸನೆಯಿಲ್ಲ. ಆದರೂ ನಮ್ಮ ಮನೆಯಲ್ಲಿ ಇದನ್ನು ಎಲ್ಲ ಚಟಗಳಿಗಿಂತ ಕಡೆಯೆಂದು ಎಣಿಸುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಫ್ರಿಜ್ಜಿನೊಳಗಿನ ದೀಪ ನಿಜವಾಗಿಯೂ ಆರುತ್ತದೆಯೇ ಎಂದು ನಾನು ಸಂದಿಗೆ ಕಣ್ಣಿಟ್ಟು ನಿಂತಿದ್ದಾಗ, ನೋಡಿಕೊಳ್ಳಿ ಎಂದು ನನಗೆ ಒಪ್ಪಿಸಿದ್ದ ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು. ಹುಣಸೂರಿನಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿಯಿದೆ. ಚಿಟಿಕೆಯಲ್ಲಿ ಹಿಡಿದರೆ ಧೂಳಿನ ಹಾಗಿರುವ ಹೊಗೆಸೊಪ್ಪಿನ ಬೀಜ ಆಳೆತ್ತರದ ಗಿಡವಾಗುವುದನ್ನು ಇಷ್ಟು ವರ್ಷ ನೋಡಿಯೂ ನನಗೆ ಅಭ್ಯಾಸವಾಗಿಲ್ಲ. ಬೀಜ ಕೊಡುವಾಗ ಗಿರಾಕಿಗಳಿಗೆ ಅದನ್ನು ಹೇಳಿಯೂ ಹೇಳುತ್ತೇನೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಅದ್ಸರಿ ಕಣಣ್ಣ, ಯೂರಿಯಾ ಬಂದೈತಾ?" ಎನ್ನುತ್ತಾರೆ.

ಇಂಥವನ ಕಣ್ಣಿಗೆ ಎಲ್‌ಇಡಿ ಇಂಡಿಕೇಟರ್ ಬೀಳಬಾರದಿತ್ತು. ಬಿತ್ತು, ಪೆಟ್ರೋಲ್ ಬಂಕಿನಲ್ಲಿ. ಮಡಿಕೇರಿ ಕಡೆಗೆ ಹೊರಟಿದ್ದ ಯಾರೋ ಒಬ್ಬರು ರಸ್ತೆಗೆ ಇಳಿಯುವಾಗ ತಮ್ಮ ಬೈಕಿನ ಇಂಡಿಕೇಟರ್ ಹಾಕಿದರು. ಅದು ಸುಮ್ಮನೆ ಹತ್ತಿ ಆರಲಿಲ್ಲ. ಒಂದು ತುದಿಯಲ್ಲಿ ಹುಟ್ಟಿದ ಬೆಳಕು ಇನ್ನೊಂದು ತುದಿಯವರೆಗೆ ಇರುವೆ ಸಾಲಿನ ಹಾಗೆ ಓಡಿ, ಮಾಯವಾಗಿ, ಮತ್ತೆ ಹುಟ್ಟಿತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಹಿಂದಿದ್ದವರು ಹಾರನ್ ಬಾರಿಸಿದಾಗಲೇ ಎಚ್ಚರ. ನನ್ನದು ಹಳೆಯ ಬೈಕು. ಗೊಬ್ಬರದ ಮೂಟೆ ಹೊತ್ತು ಹೊತ್ತು ಅದರ ಬಣ್ಣವೂ ಗೊಬ್ಬರದ್ದೇ ಆಗಿತ್ತು. ಅದರ ಕಿತ್ತಳೆ ಬಣ್ಣದ ಬುರುಡೆಗಳು ಹಗಲಿನಲ್ಲಿ ಉರಿಯುತ್ತಿವೆಯೋ ಇಲ್ಲವೋ ತಿಳಿಯಬೇಕಾದರೆ ಕೈ ಅಡ್ಡ ಹಿಡಿದು ನೋಡಬೇಕಿತ್ತು. ಅವತ್ತೇ ಮೆಕ್ಯಾನಿಕ್ ಮಹದೇವನ ಹತ್ತಿರ ಹೋಗಿ, ನನಗೂ ಓಡುವ ದೀಪ ಬೇಕು ಎಂದೆ.

ಮಹದೇವ ಉತ್ಸಾಹಿ. ಮೈಸೂರಿನಿಂದ ತರಿಸಿ ಹಾಕಿಯೇಬಿಟ್ಟ. ಮೊದಲ ಸಲ ಸ್ವಿಚ್ ಒತ್ತಿದಾಗ ದೀಪಗಳು ಚಳಿಜ್ವರ ಬಂದವರ ಹಲ್ಲಿನಂತೆ ಕಟಕಟನೆ ನಡುಗಿದವು. ಬಲ್ಬುಗಳನ್ನು ಮಿನುಗಿಸಲು ಒಳಗೆ ರಿಲೇ ಎಂಬ ಸಣ್ಣ ಡಬ್ಬಿಯಿರುತ್ತದಂತೆ. ಹಳೆಯ ಬಲ್ಬುಗಳು ಗಂಡಾಳಿನ ಹಾಗೆ ಕರೆಂಟು ಉಣ್ಣುವಂಥವು, ಈ ಎಲ್‌ಇಡಿಗಳದ್ದು ಗುಬ್ಬಚ್ಚಿಯ ಊಟ. ಉಣ್ಣುವವರೇ ಇಲ್ಲದ್ದರಿಂದ ರಿಲೇ ಗಾಬರಿಬಿದ್ದು ಓಡುತ್ತಿದೆಯೆಂದು ತೀರ್ಮಾನವಾಗಿ, ಎಲ್‌ಇಡಿಗೆಂದೇ ಬರುವ ಹೊಸ ರಿಲೇ ಬಂತು. ಹಳೆಯದು ಟಿಕ್ ಟಿಕ್ ಎನ್ನುತ್ತಿತ್ತು, ಇದು ಮೌನಿ. ದೀಪಗಳು ಈಗ ನಿಧಾನವಾಗಿ, ಗಾಂಭೀರ್ಯದಿಂದ ಓಡಿದವು. ಆದರೆ ಒಂದು ವಿಶೇಷ. ಬಲಕ್ಕೆ ಹಾಕಿದರೂ ನಾಲ್ಕೂ ಮಿನುಗುತ್ತಿದ್ದವು, ಎಡಕ್ಕೆ ಹಾಕಿದರೂ ನಾಲ್ಕೂ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಗಾಡಿ ನಿಲ್ಲಿಸಿ ಕೇಳುತ್ತಿದ್ದರು. ನಾನು ಕೇಳಲಿಲ್ಲ. ಹೊಸ ಕಾಲದ ದೀಪ, ಎರಡು ಉರಿಸೆಂದರೆ ನಾಲ್ಕು ಉರಿಸುವಷ್ಟು ಧಾರಾಳಿ ಎಂದು ಬೆರಗಾಗಿ ಮನೆಗೆ ಬಂದೆ.

ಇಲ್ಲಿ ನನ್ನ ಹೆಂಡತಿ ಪಾರ್ವತಿಯ ವಿಷಯ ಹೇಳಬೇಕು. ಅವಳು ಹುಣಸೂರಿನ ಆಸ್ಪತ್ರೆಯಲ್ಲಿ ನರ್ಸ್. ವೀರನಹೊಸಹಳ್ಳಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬಲಕ್ಕೆ ತಿರುಗಿದರೆ ನಮ್ಮೂರು. ಬೆಳಿಗ್ಗೆ ಒಂದೇ ಬೈಕಿನಲ್ಲಿ ಹೋಗುತ್ತೇವೆ, ಸಂಜೆ ಒಂದೇ ಬೈಕಿನಲ್ಲಿ ಬರುತ್ತೇವೆ. ಮನೆಯೊಳಗೆ ನಮ್ಮ ಮಾತೆಂದರೆ "ಸಾರಿಗೆ ಉಪ್ಪು ಸಾಕಾ", "ಗ್ಯಾಸ್ ಬುಕ್ ಮಾಡಿದ್ರಾ", ಅಷ್ಟೇ. ಆದರೆ ಬೈಕ್ ಏರಿದೊಡನೆ ಅವಳಿಗೆ ಅದೆಲ್ಲಿಂದಲೋ ಮಾತು ಬರುತ್ತದೆ. ಇಂಜೆಕ್ಷನ್ನಿಗೆ ಹೆದರಿ ಮಂಚದಡಿ ಕೂತ ಪೈಲ್ವಾನನ ಕಥೆ, ಮೊಮ್ಮಗ ಹುಟ್ಟಿದ ಖುಷಿಗೆ ವಾರ್ಡಿಗೆಲ್ಲ ಮೈಸೂರ್ ಪಾಕ್ ಹಂಚಿ ಡಾಕ್ಟರಿಂದ ಬೈಸಿಕೊಂಡ ಅಜ್ಜಿಯ ಕಥೆ, ಎಲ್ಲ ನನ್ನ ಬೆನ್ನಿಗೇ ಹೇಳುವುದು. ಗಾಳಿಯಲ್ಲಿ ಅರ್ಧ ಹಾರಿಹೋಗುತ್ತದೆ. ಉಳಿದರ್ಧದಲ್ಲೇ ನಾನು ಸುಖಿ. ನಿಜ ಹೇಳಬೇಕೆಂದರೆ ನಮ್ಮ ದಾಂಪತ್ಯ ನಡೆಯುವುದೇ ಆ ಸೀಟಿನ ಮೇಲೆ.

ಹೊಸ ದೀಪ ಹಾಕಿಸಿದ ಮರುದಿನ ಸಂಜೆ ಅವಳು ಮೈಸೂರ್ ಪಾಕಿನ ಅಜ್ಜಿಯ ಮುಂದಿನ ಸಾಹಸ ಹೇಳುತ್ತಿದ್ದಳು. ನಮ್ಮೂರಿನ ತಿರುವು ಬಂತು. ನಿಧಾನ ಮಾಡಿ, ಬಲಗಡೆಯ ಇಂಡಿಕೇಟರ್ ಹಾಕಿ ತಿರುಗಿಸಿದೆನೋ ಇಲ್ಲವೋ, ಹಿಂದಿನಿಂದ ನಮ್ಮನ್ನು ದಾಟಲೆಂದು ಬಲಗಡೆಯಿಂದಲೇ ಸೌದೆ ತುಂಬಿದ ಪಿಕಪ್ ಗಾಡಿಯೊಂದು ನುಗ್ಗಿ ಬಂತು. ಬ್ರೇಕಿನ ಕಿರುಚಾಟ, ಧೂಳು. ಕಣ್ಣು ಬಿಟ್ಟಾಗ ಗಾಡಿ ನಮಗೆ ಒಂದು ಮೊಳದಾಚೆ ನಿಂತಿತ್ತು. ಇಳಿದು ಬಂದವನು ಜವರಣ್ಣ, ನನ್ನ ಅಂಗಡಿಯ ಗಿರಾಕಿ, ಹೊಗೆಸೊಪ್ಪಿನ ಬೇಸಾಯದವನು. ಅವನ ಮುಖವೂ ಬಿಳುಚಿತ್ತು.

"ಇಂಡಿಕೇಟರ್ ಹಾಕಿದ್ದೆನಲ್ಲ ಜವರಣ್ಣ!" ಎಂದೆ.

"ಆಕಿದ್ರಿ ಕಣ್ಸಾಮಿ, ಅದ್ಕೇ ನಾನು ನುಗ್ಗಿದ್ದು. ನಾಕೂ ಮಿಣಮಿಣ ಅಂದ್ರೆ ನೇರ ಓಯ್ತೀನಿ ಅಂತ ತಾನೆ? ನೀವೇ ನೇರ ಓಯ್ತೀನಿ ಅಂತ ಏಳಿ, ನೀವೇ ಬಲಕ್ಕೆ ತಿರಿಕೊಂಡ್ರೆ ನಾನೇನ್ ಮಾಡ್ಲಿ?"

ಅವನದು ತಪ್ಪೆನ್ನುವಂತಿಲ್ಲ. ನಮ್ಮ ಕಡೆ ಅದು ಶಾಸನ. ಸರ್ಕಲ್ಲಿನಲ್ಲಿ ನೇರ ಹೋಗುವವರು ನಾಲ್ಕೂ ದೀಪ ಮಿನುಗಿಸಿಕೊಂಡು ಹೋಗುತ್ತಾರೆ. ಯಾವ ಪುಸ್ತಕ ಅದನ್ನು ಹೇಳುತ್ತದೋ ಗೊತ್ತಿಲ್ಲ, ಆದರೆ ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ ಅದನ್ನು ಮೀರಿದವರನ್ನು ನಾನು ಕಂಡಿಲ್ಲ. ಪಾರ್ವತಿ ಬೈಕಿನಿಂದ ಇಳಿದು, ಸೆರಗಿನ ಧೂಳು ಕೊಡವಿ, ನನ್ನನ್ನೂ ಆ ದೀಪಗಳನ್ನೂ ಒಮ್ಮೆ ನೋಡಿದಳು. "ನಾಳೆಯಿಂದ ನಾನು ಬಸ್ಸಿಗೆ ಓಗ್ತೀನಿ ಕಣ್ರೀ" ಎಂದು ಊರ ಕಡೆ ನಡೆಯತೊಡಗಿದಳು. ನಾನು ಬೈಕನ್ನು ತಳ್ಳಿಕೊಂಡು ಹಿಂದೆ ಹಿಂದೆ ನಡೆದೆ. ಅಜ್ಜಿಯ ಕಥೆ ಏನಾಯಿತೆಂದು ಕೇಳುವ ಧೈರ್ಯ ಬರಲಿಲ್ಲ.

ಹೇಳಿದಂತೆ ಅವಳು ಬಸ್ಸಿಗೇ ಹೋದಳು. ಒಂದು ಬೆಳಿಗ್ಗೆ ಆ ಬಸ್ಸು ನನ್ನನ್ನು ದಾಟಿ ಹೋಯಿತು. ಕಿಟಕಿಯ ಪಕ್ಕ ಕೂತ ಅವಳು ಕೈ ಆಡಿಸುತ್ತಾ ಯಾರಿಗೋ ಏನೋ ಹೇಳುತ್ತಿದ್ದಳು, ಅವರು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ಅದು ನನ್ನ ಕಥೆ, ನನ್ನ ಬೆನ್ನಿಗೆ ಸೇರಬೇಕಾದದ್ದು. ಸೀದಾ ಮಹದೇವನ ಹತ್ತಿರ ಹೋದೆ. ಮಹದೇವನ ಪ್ರಕಾರ ಲೋಕದ ಎಲ್ಲ ಕಾಯಿಲೆಗೂ ಒಂದೇ ಕಾರಣ. "ಅರ್ತ್ ಸರಿಯಾಗ್ ಕೂತಿಲ್ಲ ಕಣಣ್ಣ" ಎಂದು ಬೈಕಿನ ಮೈಮೇಲಿದ್ದ ತುಕ್ಕನ್ನೆಲ್ಲ ಕೆರೆದು, ಹೊಸ ಅರ್ತ್ ವೈರ್ ಕಟ್ಟಿದ. ನಾಲ್ಕೂ ಮಿನುಗಿದವು. ಸ್ವಿಚ್ ಬದಲಾಯಿಸಿದ. ನಾಲ್ಕೂ ಮಿನುಗಿದವು. ಕೊನೆಗೆ ಬ್ಯಾಟರಿಯನ್ನೇ ಅನುಮಾನಿಸಿ ಬೇರೆಯದನ್ನು ಇಟ್ಟು ನೋಡಿದ. ಇನ್ನಷ್ಟು ಚೆನ್ನಾಗಿ ನಾಲ್ಕೂ ಮಿನುಗಿದವು. "ನಾಕೂ ಉರೀಲಿ ಬುಡಣ್ಣ, ಕೈ ತೋರ್ಸ್ಕೊಂಡ್ ತಿರಿಕೊಳ್ಳಿ" ಎಂದು ಅವನೇ ಕೈಚೆಲ್ಲಿದ.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಗೋಣಿಚೀಲ ಹಾಸಿ ನಾನೇ ಕೂತೆ. ನನಗೆ ವೈರಿನ ಜ್ಞಾನವಿಲ್ಲ, ಹಟವಿತ್ತು. ಪಾರ್ವತಿ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ, ನನ್ನ ಕಡೆ ನೋಡದ ಹಾಗೆ ನೋಡುತ್ತಿದ್ದಳು. ಬಲಗಡೆಯ ಇಂಡಿಕೇಟರ್ ಹಾಕಿಯೇ ಇಟ್ಟು, ಹೆಡ್‌ಲೈಟ್ ಬಿಚ್ಚಿ, ಸಿಕ್ಕುಗಟ್ಟಿದ ವೈರುಗಳ ನಡುವೆ ಕೈತೂರಿಸಿ ಮೀಟರಿನ ಬುಡದಲ್ಲಿ ಏನನ್ನೋ ಎಳೆದೆ. ರಬ್ಬರಿನ ಹಿಡಿಕೆಯ ಸಮೇತ ಒಂದು ಚೋಟು ಬಲ್ಬು ಕೈಗೆ ಬಂತು. ಇಂಡಿಕೇಟರ್ ಉರಿಯುತ್ತಿದೆಯೆಂದು ಸವಾರನಿಗೆ ತಿಳಿಸಲು ಮೀಟರಿನ ಪಕ್ಕ ಹಸಿರಾಗಿ ಮಿನುಗುತ್ತದಲ್ಲ, ಅದೇ. ಇನ್ನೊಂದು ಕೆಡಿಸಿದೆನಲ್ಲ ಎಂದು ತಲೆಯೆತ್ತಿದರೆ, ಎಡಗಡೆಯ ಎರಡೂ ದೀಪ ಆರಿದ್ದವು. ಬಲಗಡೆಯವು ಮಾತ್ರ ಗಂಭೀರವಾಗಿ ಓಡುತ್ತಿದ್ದವು. ಬಲ್ಬನ್ನು ಮತ್ತೆ ಚುಚ್ಚಿದೆ. ನಾಲ್ಕು. ಕಿತ್ತೆ. ಎರಡು. ಚುಚ್ಚಿದೆ, ಕಿತ್ತೆ, ಚುಚ್ಚಿದೆ. ಎಷ್ಟು ಹೊತ್ತು ಹಾಗೆ ಆಡಿದೆನೋ, "ರೀ, ಅದು ಸರಿಯಾಯ್ತಾ, ಇಲ್ಲ ನಿಮ್ಗೇ ಏನಾದ್ರೂ ಆಯ್ತಾ?" ಎಂದು ಜಗುಲಿಯಿಂದ ಕೇಳಿಬಂತು.

ಕಾರಣ ತಿಳಿದದ್ದು ಆಮೇಲೆ, ಫೋನಿನಲ್ಲಿ ವಿಡಿಯೊ ನೋಡಿ. ಆ ಬಲ್ಬಿನ ಒಂದು ಕಾಲು ಬಲಗಡೆಯ ವೈರಿನಲ್ಲಿ, ಇನ್ನೊಂದು ಕಾಲು ಎಡಗಡೆಯ ವೈರಿನಲ್ಲಿ. ಬಲಕ್ಕೆ ಕರೆಂಟು ಬಂದರೆ ಅದರಲ್ಲಿ ಒಂದು ಗುಟುಕು ಈ ಬಲ್ಬನ್ನು ದಾಟಿ ಎಡಗಡೆಗೂ ಹೋಗುತ್ತದೆ. ಹಳೆಯ ಬುರುಡೆಗಳಿಗೆ ಅಷ್ಟು ಸಾಲುತ್ತಿರಲಿಲ್ಲ, ಸುಮ್ಮನಿರುತ್ತಿದ್ದವು. ಈ ಅಲ್ಪತೃಪ್ತರಿಗೆ ಗುಟುಕೇ ಹಬ್ಬದೂಟ. ಅಂದರೆ ಇದು ಹೊಸ ಕಾಯಿಲೆಯಲ್ಲ. ಬೈಕ್ ಕೊಂಡ ದಿನದಿಂದಲೂ ನಾನು ಬಲಕ್ಕೆ ಹಾಕಿದಾಗಲೆಲ್ಲ ಎಡಗಡೆಗೆ ಸುದ್ದಿ ಹೋಗುತ್ತಲೇ ಇತ್ತು! ಕೇಳಿಸಿಕೊಳ್ಳುವವರಿರಲಿಲ್ಲ, ಅಷ್ಟೇ. ಮಳೆಯಲ್ಲಿ, ಬಿಸಿಲಲ್ಲಿ, ಮೂಟೆ ಹೇರಿಕೊಂಡು ಹೋಗುವಾಗ, ನನ್ನ ಕಣ್ಣೆದುರಿಗೇ ಉಗುರಿನಷ್ಟು ಜಾಗದಲ್ಲಿ ಇಂಥದ್ದೊಂದು ಓಡಾಟ ನಡೆದಿತ್ತೆಂದು ನೆನೆದು ನನ್ನ ಮೈ ಜುಮ್ಮೆಂದಿತು. ಅಂದು ನನಗೆ ಊಟ ಸೇರಲಿಲ್ಲ. ಲೋಕದಲ್ಲಿ ಹೀಗೆ ಕಾಣದೆ ಹರಿಯುತ್ತಿರುವುದು ಇನ್ನೆಷ್ಟಿದೆಯೋ ಎಂಬ ಬೆರಗಿನಲ್ಲೇ ಹೊಟ್ಟೆ ತುಂಬಿತ್ತು.

ಪಾರ್ವತಿ ಇಷ್ಟಕ್ಕೆಲ್ಲ ಸೋಲುವವಳಲ್ಲ. ರೋಗಿಯನ್ನು ಮನೆಗೆ ಕಳಿಸುವ ಮುನ್ನ ಪರೀಕ್ಷಿಸುವಂತೆ ಬೈಕಿನ ಸುತ್ತ ಬಂದು, "ಎಡ ಹಾಕಿ. ಆರ್ಸಿ. ಬಲ ಹಾಕಿ. ಬ್ರೇಕ್ ಒತ್ತಿ" ಎಂದು ಎಲ್ಲ ನೋಡಿದಳು. "ನಾಳೆ ಬತ್ತೀನಿ" ಎಂದಳು. ನಾನು ಆ ಚೋಟು ಬಲ್ಬನ್ನು ಹಾಕದೆಯೇ ಬಿಟ್ಟೆ.

ಅದರಿಂದ ಹೊಸದೊಂದು ಪಜೀತಿಯಾಯಿತು. ಹಸಿರು ದೀಪವಿಲ್ಲ, ರಿಲೇಯ ಟಿಕ್ ಟಿಕ್ ಇಲ್ಲ. ಇಂಡಿಕೇಟರ್ ಆರಿಸಲು ಮರೆತರೆ ನನಗೆ ತಿಳಿಯುವ ಬಗೆಯೇ ಇಲ್ಲ. ನಾನು ಎತ್ತ ತಿರುಗುತ್ತೇನೆಂದು ಹಿಂದೆ ಬರುವವರಿಗೆಲ್ಲ ಗೊತ್ತು, ಗೊತ್ತಿಲ್ಲದಿದ್ದದ್ದು ನನಗೊಬ್ಬನಿಗೆ. ಆ ಕೆಲಸವನ್ನು ಪಾರ್ವತಿ ವಹಿಸಿಕೊಂಡಳು. ಕಥೆ ಹೇಳುತ್ತಲೇ ಹಿಂದಕ್ಕೆ ಬಗ್ಗಿ ನೋಡಿ, ಬಲಗಡೆಯದು ಉರಿಯುತ್ತಿದ್ದರೆ ನನ್ನ ಬಲ ಭುಜ ತಟ್ಟುತ್ತಾಳೆ, ಎಡಗಡೆಯದಾದರೆ ಎಡ ಭುಜ. ನಾನು ಆರಿಸುತ್ತೇನೆ, ಕಥೆ ಮುಂದುವರಿಯುತ್ತದೆ. ನನ್ನ ಮರೆವು ಈಚೆಗೆ ಕೊಂಚ ಹೆಚ್ಚಾಗಿದೆಯೆಂದು ಓದುಗರಿಗೆ ಅನ್ನಿಸಿದರೆ ನಾನು ವಾದ ಮಾಡುವುದಿಲ್ಲ.

ಮೊನ್ನೆ ಸಂಜೆ ಮನೆಗೆ ಬರುವಾಗ ಅವಳು ಕೇಳಿದಳು: "ಮಹದೇವ ಕೈ ಕುಯ್ಕೊಂಡು ಇಂಜೆಕ್ಷನ್‌ಗೆ ಬಂದಿದ್ದ. ಅದೇನೋ ಡಯೋಡ್ ಅಂತೆ, ಕರೆಂಟ್‌ನ ಒಂದೇ ಕಡೆಗೆ ಬುಡುತ್ತಂತೆ. ಅಂಥವು ಎರಡು ಹಾಕಿದ್ರೆ ಆ ಹಸಿರು ದೀಪನೂ ಸರಿಹೋಗುತ್ತಂತೆ. ತಂದಿಟ್ಟು ಎಷ್ಟೋ ದಿನ ಆಯ್ತು, ಅಣ್ಣಾರೇ ಬ್ಯಾಡ ಅಂತಾವ್ರೆ ಅಂದ. ಯಾಕ್ರೀ ಬ್ಯಾಡ?"

ನಾನು ಗಾಳಿಯಲ್ಲಿ ಕೇಳಿಸದವನ ಹಾಗೆ ಆಕ್ಸಿಲರೇಟರ್ ಕೊಟ್ಟೆ. ಸ್ವಲ್ಪ ದೂರ ಹೋದ ಮೇಲೆ ಬಲ ಭುಜದ ಮೇಲೆ ಮೆಲ್ಲಗೆ ತಟ್ಟಿದಳು.

"ಇಂಡಿಕೇಟರ್ ಹಾಕೇ ಇಲ್ವಲ್ಲೇ" ಎಂದೆ.

"ಗೊತ್ತು" ಎಂದಳು.

ಆ ಒಂದು ಮಾತಿಗೆ ನಾನು ಅದೆಷ್ಟು ಬೆರಗಾದೆನೆಂದರೆ, ನಮ್ಮೂರಿನ ತಿರುವು ಬಂದದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. ವೀರನಹೊಸಹಳ್ಳಿಯ ಕಾಡು ಎದುರಿಗೆ ಬಂದ ಮೇಲೆಯೇ ಬೈಕನ್ನು ತಿರುಗಿಸಿದ್ದು.