ಕಸ ತಿನ್ನುವ ನಮ್ಮ ಮಾಮ

ನಮ್ಮ ಸೋದರಮಾವ ನಿಮ್ಮ ಮನೆಗೆ ಬಂದರೆ ದಯವಿಟ್ಟು ಗಾಬರಿಯಾಗಬೇಡಿ. ಆತ ಬಾಗಿಲು ಬಡಿಯುವುದಿಲ್ಲ, ಕ್ಷೇಮ ಸಮಾಚಾರ ಕೇಳುವುದಿಲ್ಲ. ಗೇಟು ದಾಟಿದವನು ನೇರ ಹಿತ್ತಲಿಗೆ ಹೋಗಿ, ಮೊಣಕಾಲು ಮಡಚಿ ಕೂತು, ನೆಲವನ್ನೇ ನೋಡತೊಡಗುತ್ತಾನೆ. ಹೊಸಬರು ಯಾವುದೋ ನಿಧಿ ಹುಡುಕಲು ಬಂದವನೆಂದು ತಿಳಿಯುತ್ತಾರೆ. ಹಳಬರು ಒಳಗಿನಿಂದ ಒಂದು ಚೀಲ ತಂದುಕೊಟ್ಟು ಸುಮ್ಮನಾಗುತ್ತಾರೆ. ಆಳಂದದ ಕೋರ್ಟಿನಲ್ಲಿ ವಕೀಲಿ ಮಾಡಿ ಹೆಸರು ಗಳಿಸಿದ, ಭೂಸನೂರಿನ ಕಡೆ ಕಬ್ಬಿನ ಹೊಲವಿರುವ, ಹಲ್ಲೂ ಹೊಟ್ಟೆಯೂ ನೆಟ್ಟಗಿರುವ ಈ ಮನುಷ್ಯ ಹುಡುಕಿ ಹುಡುಕಿ ತಿನ್ನುವುದೇನು ಗೊತ್ತೇ? ಕಸ!

ಕಸವೆಂದರೆ ಗುಡಿಸಿ ಬುಟ್ಟಿಗೆ ಹಾಕುವ ಕಸವಲ್ಲ. ಅಷ್ಟು ದೂರ ಮಾಮ ಇನ್ನೂ ಹೋಗಿಲ್ಲ. ನಾವು ನೀವು ಕೂಲಿ ಕೊಟ್ಟು ಕೀಳಿಸುತ್ತೇವಲ್ಲ, ಆ ಕಸ. ನೆಲಕ್ಕೆ ತಟ್ಟೆಯಂತೆ ಅಂಟಿಕೊಂಡು ಬೆಳೆಯುವ ಹತ್ತರಕಿ, ಕೆಂಪು ದಂಟಿನ ದಪ್ಪ ಎಲೆಯ ಗೋಳಿ, ಸಣ್ಣೆಲೆಯ ಕಿರಕಸಾಲಿ. ಹತ್ತರಕಿಯನ್ನು ತೊಳೆದು ಹಸಿಯಾಗಿಯೇ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಕೊಂಡು ಜೋಳದ ರೊಟ್ಟಿಯ ಜೊತೆ ತಿನ್ನುತ್ತಾನೆ. ಗೋಳಿಯನ್ನು ಬೇಳೆಯಲ್ಲಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಡಬೇಕು. ಇವೆಲ್ಲ ನಮ್ಮ ಸೀಮೆಯ ಹಳೆಯ ಊಟವೇ, ಅದರಲ್ಲಿ ವಿಚಿತ್ರವೇನಿಲ್ಲ. ಸಂತೆಯಲ್ಲಿ ಸೂಡು ಕಟ್ಟಿ ಮಾರುತ್ತಾರೆ ಕೂಡ. ಆದರೆ ಸಂತೆಯದು ಮಾಮನಿಗೆ ಸೇರುವುದಿಲ್ಲ. ಕೊಂಡು ತಂದರೆ ಅದು ತರಕಾರಿಯಾಗಿಬಿಡುತ್ತದಂತೆ! ತಾನಾಗಿ ಎದ್ದಿರಬೇಕು, ಯಾರಿಗೂ ಬೇಡವಾಗಿರಬೇಕು, ಸಾಧ್ಯವಾದರೆ ಇನ್ನೊಬ್ಬರ ಕಂಪೌಂಡಿನಲ್ಲಿರಬೇಕು.

ಇದೆಲ್ಲ ಶುರುವಾದದ್ದು ಡಾಕ್ಟರರು ಮುಂಜಾನೆ ವಾಕಿಂಗ್ ಮಾಡಬೇಕೆಂದು ಹೇಳಿದ ಮೇಲೆ. ಸ್ನೇಹಿತರೆಲ್ಲ ರಾಜಕೀಯ ಮಾತಾಡುತ್ತ ಊರಾಚೆಯವರೆಗೆ ಹೋಗಿ ಬರುತ್ತಿದ್ದರು. ಮಾಮ ಮೊದಲನೇ ತಿರುವು ದಾಟುತ್ತಿರಲಿಲ್ಲ. ಅಲ್ಲಿ ಖಾಲಿ ಸೈಟೊಂದಿತ್ತು. ಸ್ನೇಹಿತರು ಹೊಟ್ಟೆ ಕರಗಿಸಿಕೊಂಡು ಮರಳುವ ಹೊತ್ತಿಗೆ ಮಾಮ ಹೊಟ್ಟೆಗೆ ಬೇಕಾದ್ದನ್ನು ಕಿತ್ತುಕೊಂಡು ನಿಂತಿರುತ್ತಿದ್ದ. ಕೋರ್ಟಿನಲ್ಲಿಯೂ ಇದೇ ಚಾಳಿ. ಒಂದು ದಿನ ಕರಿಕೋಟಿನಲ್ಲಿಯೇ ಕಂಪೌಂಡಿನ ಗೋಡೆಯ ಬುಡಕ್ಕೆ ಬಗ್ಗಿದವನನ್ನು ಕಂಡು, ಬದುವಿನ ಜಗಳಕ್ಕೆ ವರ್ಷಗಟ್ಟಲೆ ಅಲೆಯುತ್ತಿದ್ದ ಆತನ ಕಕ್ಷಿದಾರ ತನ್ನ ಕಾಗದವೇ ಕಳೆದುಹೋಯಿತೆಂದು ಹೆದರಿ ತಾನೂ ಹುಡುಕಲು ನಿಂತ. ವಕೀಲರದೇನೋ ಬಿದ್ದಿದೆಯೆಂದು ಎದುರು ಕಕ್ಷಿದಾರನೂ ಬಗ್ಗಿದ. ಅವನು ಬೇರೆ ಯಾರೂ ಅಲ್ಲ, ಈ ಕಕ್ಷಿದಾರನ ಸ್ವಂತ ಅಣ್ಣ. ಸಾಕ್ಷಿಗೆ ಬಂದವರೂ ಸೇರಿಕೊಂಡರು. ಹುಡುಕುತ್ತಿರುವುದು ಹತ್ತರಕಿ ಎಂದು ತಿಳಿದಾಗ ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟರಂತೆ. ಎಷ್ಟೋ ವರ್ಷಗಳ ಮೇಲೆ ಅವರು ಕೂಡಿ ನಕ್ಕದ್ದು ಅದೇ ಮೊದಲು. ಆ ಕೇಸು ರಾಜಿಯಲ್ಲಿ ಮುಗಿದು ಮಾಮನ ಫೀಸು ಅರ್ಧಕ್ಕೇ ನಿಂತಿತು ಎಂದು ನಮ್ಮ ಅತ್ತೆ ಇವತ್ತಿಗೂ ಹಲ್ಲು ಕಡಿಯುತ್ತಾಳೆ.

ಅತ್ತೆಯ ವಿಷಯಕ್ಕೆ ಬಂದೆ, ಒಳ್ಳೆಯದಾಯಿತು. ಅತ್ತೆ ಜೇವರ್ಗಿಯವಳು. ತವರಿನವರು ತೊಗರಿಯ ವ್ಯಾಪಾರಸ್ಥರು. ಅಲ್ಲಿ ಬೇಳೆ ಗಟ್ಟಿ, ತುಪ್ಪ ಧಾರಾಳ, ಬದನೆಕಾಯಿ ಎಣ್ಣೆಯಲ್ಲಿ ತೇಲಬೇಕು. ಅಂಥ ಮನೆಯ ಮಗಳು ದಿನಾ ಬೆಳಿಗ್ಗೆ ಮಣ್ಣು ಹತ್ತಿದ ಚೀಲವೊಂದನ್ನು ಅಡುಗೆಮನೆಯ ಕಟ್ಟೆಯ ಮೇಲೆ ನೋಡಬೇಕಾಯಿತು. ಬೇಯಿಸಿಕೊಡುತ್ತಿದ್ದಳು, ಇಲ್ಲವೆನ್ನುವಂತಿಲ್ಲ. ಆದರೆ ಬೇರೆ ಪಾತ್ರೆ, ಬೇರೆ ಸೌಟು. ಒಮ್ಮೆ ತವರಿನವರು ಬಂದಾಗ ಅವಳ ಅಣ್ಣ, ಮನೆಯಲ್ಲಿ ಇವತ್ತು ಏನು ಪಲ್ಯ ಎಂದು ಕೇಳಿದ. ಅತ್ತೆ ತಣ್ಣಗೆ ಉತ್ತರ ಕೊಟ್ಟಳು.

"ನಮಗ ಬದ್ನಿಕಾಯಿ ಅದ ಅಣ್ಣಾ. ಅವ್ರು ಇನ್ನಾ ಮೇಯಾಕ ಹೋಗ್ಯಾರ, ಬರ್ತಾರ ತಡಿ."

ನಾನಿರುವುದು ಅಫಜಲಪುರದಲ್ಲಿ, ಬ್ಯಾಂಕಿನ ನೌಕರಿ. ಮನೆಯ ಮುಂದೆ ಆಸೆಪಟ್ಟು ಗುಲಾಬಿ ಹಚ್ಚಿದ್ದೆ. ನೋಡಿದವರೆಲ್ಲ ಹೊಗಳಿದ್ದರು. ಮಾಮನೂ ಹೊಗಳಲಿ ಎಂದು ಕರೆದುಕೊಂಡು ಹೋಗಿ ನಿಲ್ಲಿಸಿದೆ. ಆತ ಹೂವಿನತ್ತ ಕಣ್ಣೆತ್ತಲಿಲ್ಲ. ಸೋರುವ ನಳದ ಪಕ್ಕ ಹೋಗಿ ಕೂತ. ಅಲ್ಲಿ ಗೋಳಿ ಹಾಸಿಗೆಯಂತೆ ಹಬ್ಬಿತ್ತು. ನಳ ರಿಪೇರಿ ಮಾಡಿಸುವ ವಿಚಾರ ಹೇಳಿದ್ದೇ ತಡ, ಮಾಮನ ಮುಖ ಸಪ್ಪಗಾಯಿತು. ಗುಲಾಬಿಯನ್ನು ತೋರಿಸಿ ಇದನ್ನು ತಿನ್ನಲು ಬರುತ್ತದೆಯೇ ಎಂದು ವಿಚಾರಿಸಿದ. ಬರುವುದಿಲ್ಲ ಎಂದೆ. ಹಾಗಾದರೆ ಇದಕ್ಕೇಕೆ ಇಷ್ಟು ಸೇವೆ ಎಂದು ಕೇಳಿದ. ಮುಂದಿನ ಬೇಸಿಗೆಯಲ್ಲಿ ನೀರಿನ ತ್ರಾಸು ಬಂತು. ಇದ್ದ ಒಂದು ಕೊಡ ನೀರನ್ನು ಗುಲಾಬಿಗೆ ಹಾಕದೆ ನಳದ ಪಕ್ಕದ ಕಸಕ್ಕೆ ಹಾಕುತ್ತಿದ್ದ ನನ್ನನ್ನು ಪಕ್ಕದ ಮನೆಯವರು ನೋಡಿದರು. ಆಮೇಲೆ ಅವರು ನನ್ನ ಹತ್ತಿರ ಸ್ವಲ್ಪ ಮೆಲ್ಲಗೆ ಮಾತಾಡತೊಡಗಿದರು.

ಗಾಣಗಾಪುರದಲ್ಲಿ ಇನ್ನೊಂದು ಫಜೀತಿ. ದತ್ತನ ದರ್ಶನಕ್ಕೆ ಅತ್ತೆ ಹಟ ಹಿಡಿದು ಮಾಮನನ್ನು ಕರೆದೊಯ್ದಿದ್ದಳು. ಅಲ್ಲಿ ಬಂದ ಭಕ್ತರು ಜೋಳಿಗೆ ಹಿಡಿದು ಕೆಲವು ಮನೆಗಳಲ್ಲಿ ಮಧುಕರಿ, ಅಂದರೆ ಭಿಕ್ಷೆ, ಬೇಡಿ ಉಣ್ಣುವುದು ಪದ್ಧತಿ. ಎಂಥ ಶ್ರೀಮಂತನಾದರೂ ಬೇಡುತ್ತಾನೆ, ಅಹಂಕಾರ ಇಳಿಯಲೆಂದು. ಮಾಮನೂ ಜೋಳಿಗೆ ಹಿಡಿದು ಒಂದು ಮನೆಯ ಮುಂದೆ ನಿಂತ. ಆ ಮನೆಯ ಅವ್ವ ರೊಟ್ಟಿ ತರಲು ಒಳಗೆ ಹೊರಟಳು. ಮಾಮನ ಕಣ್ಣು ಮಾತ್ರ ಗೋಡೆಯ ಬುಡದಲ್ಲಿತ್ತು. ರೊಟ್ಟಿ ಇರಲಿ, ಈ ಕಿರಕಸಾಲಿ ಕೊಟ್ಟರೆ ಪುಣ್ಯ ಬರುತ್ತದೆ ಎಂದು ಕೈಮುಗಿದು ಬೇಡಿಕೊಂಡ. ಅವ್ವ ಬಾಗಿಲಲ್ಲೇ ನಿಂತು ಈ ಭಕ್ತನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಯ್ರಿ, ಎಲ್ಲಾ ಒಯ್ರಿ. ಹಂಗೇ ಬಾಜೂಕಿನ ಉತ್ತರಾಣಿನೂ ಕಿತ್ತು ಹಾಕ್ರಿ. ಸೀರಿಗಿ ಹತ್ತಿ ಜೀವಾ ತಿಂತದ."

ವಕೀಲಸಾಹೇಬರು ಉತ್ತರಾಣಿ ಕಿತ್ತರು. ಅಂಗಳ ಪೂರಾ ಸ್ವಚ್ಛ ಮಾಡಿಕೊಟ್ಟು ಬಂದರು. ಅಹಂಕಾರ ಇಳಿಯಿತೋ ಇಲ್ಲವೋ ತಿಳಿಯದು, ಸೊಂಟ ಮಾತ್ರ ಹಿಡಿಯಿತು.

ಇಲ್ಲಿಯತನಕ ನಡೆದದ್ದು ನಗುವ ಮಾತು. ಮಗಳ ಮದುವೆಯ ಮಾತು ಬಂದಾಗ ಮನೆಯವರಿಗೆ ನಿಜಕ್ಕೂ ಚಿಂತೆ ಹತ್ತಿತು. ಮಾಮನಿಗೆ ಒಬ್ಬಳೇ ಮಗಳು, ಹಲ್ಲಿನ ಡಾಕ್ಟರು. ಗಂಡು ಕರಜಗಿಯ ದೊಡ್ಡ ಕಬ್ಬಿನ ಮನೆತನದವನು, ದನದ ಡಾಕ್ಟರು. ನೀವು ನಗುವ ಮೊದಲೇ ಹೇಳಿಬಿಡುತ್ತೇನೆ, ನಮ್ಮ ಬಳಗದವರು ಆಗಲೇ ನಕ್ಕು ಮುಗಿಸಿದ್ದರು. ಮಾಮನಿಗೆ ತಕ್ಕ ಅಳಿಯ ಎಂದು ಊರೆಲ್ಲ ಆಡಿಕೊಂಡಿತ್ತು. ಹುಡುಗಿಗೆ ಹುಡುಗ, ಹುಡುಗನಿಗೆ ಹುಡುಗಿ ಒಪ್ಪಿಗೆಯಾಗಿದ್ದರು. ಉಳಿದದ್ದು ನಾವು ಹೋಗಿ ಅವರ ಮನೆ ನೋಡಿ ಬರುವುದು. ಹೊರಡುವ ಮೊದಲು ಅತ್ತೆ, ಅಲ್ಲಿ ಯಾವ ಕಾರಣಕ್ಕೂ ಹಿತ್ತಲಿಗೆ ಹೋಗುವುದಿಲ್ಲ, ಎಲ್ಲಿಯೂ ಬಗ್ಗುವುದಿಲ್ಲ ಎಂದು ಮಾಮನಿಂದ ಮಾತು ತೆಗೆದುಕೊಂಡಳು. ಮಗಳು ತಂದೆಯ ಕೈ ಹಿಡಿದುಕೊಂಡಳು, ಅಷ್ಟೇ. ಅದೇ ಮಾಮನಿಗೆ ಹೆಚ್ಚು ತಟ್ಟಿತೆಂದು ಕಾಣುತ್ತದೆ. ಕರಜಗಿಯವರೆಗೂ ಜೀಪಿನಲ್ಲಿ ರಸ್ತೆಯ ಬದಿಗೂ ಕಣ್ಣು ಹಾಯಿಸದೆ ಕೂತಿದ್ದ.

ಹಿತ್ತಲಿಗೆ ಹೋಗುವ ಪ್ರಶ್ನೆಯೇ ಬರಲಿಲ್ಲ. ಹಿತ್ತಲೇ ಇರಲಿಲ್ಲ! ಹೊಸ ಬಂಗಲೆ, ಗೇಟಿನಿಂದ ಹಿಂದಿನ ಗೋಡೆಯವರೆಗೆ ಸಿಮೆಂಟಿನ ಇಟ್ಟಿಗೆ ಜೋಡಿಸಿದ್ದರು. ಕಬ್ಬು ಬೆಳೆದು ಬದುಕಿದ ಮನೆಯವರಿಗೆ ಮನೆಯ ಸುತ್ತ ಮಣ್ಣು ಕಾಣಿಸುವುದು ಅವಮಾನ. ಹುಡುಗನ ತಂದೆ ನಮ್ಮನ್ನೆಲ್ಲ ಸುತ್ತಾಡಿಸಿ, ಒಂದು ಹುಲ್ಲುಕಡ್ಡಿಯೂ ಏಳದ ಹಾಗೆ ಮಾಡಿಸಿದ್ದೇವೆ ಎಂದು ಹೆಮ್ಮೆಯಿಂದ ಹೇಳಿದರು. ಮಾಮ ತಲೆಯಾಡಿಸುತ್ತ ಬಂದ. ಅತ್ತೆಯ ಉಸಿರು ಸಡಿಲವಾಯಿತು. ಅಷ್ಟರಲ್ಲಿ ನೀರಿನ ಟಾಕಿಯ ಹತ್ತಿರ ಮಾಮ ನಿಂತ. ಎರಡು ಇಟ್ಟಿಗೆಗಳ ಸಂದಿನಿಂದ ಗೋಳಿಯ ಒಂದೇ ಒಂದು ಕುಡಿ ಹೊರಬಂದಿತ್ತು. ಹುಡುಗನ ತಾಯಿಯೂ ಅದನ್ನು ಅದೇ ಗಳಿಗೆಯಲ್ಲಿ ನೋಡಿದರು. ಬೀಗರ ಕಣ್ಣಿಗೆ ಕಸ ಬಿತ್ತಲ್ಲ ಎಂದು ಅವರ ಮುಖ ಕೆಂಪಾಯಿತು. ಆಳನ್ನು ಕರೆಯಲು ಅವರು ಬಾಯಿ ತೆರೆದರು. ಆಳು ಬರುವುದರೊಳಗೆ ಮಾಮ ಬಗ್ಗಿದ, ಕುಡಿ ಚಿವುಟಿದ, ಟಾಕಿಯ ನಳದಲ್ಲಿ ತೊಳೆದ, ಬಾಯಿಗೆ ಹಾಕಿಕೊಂಡ.

ಮಾಮ ಜಗಿದು ಮುಗಿಸುವವರೆಗೆ ಎರಡೂ ಮನೆಯವರು ಕಾದರು.

"ಇಷ್ಟ ಕಲ್ಲ ಹಾಕಿದ್ರೂ ಎದ್ದ ಬಂದದ ನೋಡ್ರಿ. ಮನಿ ಛಲೋ ಅದ. ನನ್ನ ಮಗಳನ್ನ ಕೊಡ್ತೇನಿ" ಎಂದ.

ಮಾಮ ಕೊಡುವೆನೆಂದದ್ದು ಸರಿ, ಅವರು ತೆಗೆದುಕೊಳ್ಳಬೇಕಲ್ಲ? ಕೆಲವು ದಿನ ಯಾವ ಸುದ್ದಿಯೂ ಬರಲಿಲ್ಲ. ಆಮೇಲೆ ನಡುವಿನ ಹಿರಿಯರೊಬ್ಬರು ಬಂದು, ಚಹಾ ಕುಡಿದು, ತುಸು ಕೆಮ್ಮಿ, ಹುಡುಗಿಯ ತಂದೆಯ ಈ ತೊಂದರೆ ವಂಶದಲ್ಲಿ ಮೊದಲಿನಿಂದ ಇದೆಯೇ, ಮಕ್ಕಳಿಗೆ ಬರುವಂಥದ್ದೇ ಎಂದು ವಿಚಾರಿಸಿದರು. ಅತ್ತೆ ಎದ್ದು ಒಳಗೆ ಹೋದಳು. ಮಗಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆ ಎರಡು ದಿನ ಮಾಮನೂ ವಾಕಿಂಗಿಗೆ ಹೋಗಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು, ಅತ್ತೆ ಬಡಿಸಿದ ಬದನೆಕಾಯಿಯನ್ನು ತಟ್ಟೆ ಖಾಲಿಯಾಗುವವರೆಗೆ ತಿಂದ. ಅದನ್ನು ಕಂಡು ಅತ್ತೆಗೇ ಭಯವಾಯಿತಂತೆ.

ಕೊನೆಗೆ ಈ ಗಂಟು ಬಿಡಿಸಿದವನು ಹುಡುಗನೇ. ಮನೆಯಲ್ಲಿ ಅವನ ತಾಯಿ, ಕಸ ತಿನ್ನುವವರ ಮನೆಯ ಸಂಬಂಧ ಹೇಗೆ ಮಾಡುವುದು ಎಂದು ಕಣ್ಣೀರು ಹಾಕಿದಾಗ, ಅವನು ತನ್ನ ವಿದ್ಯೆಯನ್ನೆಲ್ಲ ಸೇರಿಸಿ ಒಂದೇ ಮಾತು ಹೇಳಿದನಂತೆ.

"ಅವ್ವಾ, ತಿನ್ನೂದು ಬಿಟ್ರ ಕಾಳಜಿ ಮಾಡಬೇಕು. ತಿನ್ನಾಕತ್ತದ ಅಂದ್ರ ಆರಾಮ ಅದ ಅಂತ ಅರ್ಥ."

ದನಕ್ಕೆ ಹೇಳುವುದನ್ನೇ ಮಾವನಿಗೂ ಹೇಳಿದ ಈ ಅಳಿಯನನ್ನು ಮಾಮ ಅಂದಿನಿಂದ ತಲೆಯ ಮೇಲೆ ಹೊತ್ತುಕೊಂಡಿದ್ದಾನೆ.

ಮದುವೆಯ ಊಟದಲ್ಲಿ ಮಾಮನ ಹಟಕ್ಕೆ ಹತ್ತರಕಿಯನ್ನೂ ಇಟ್ಟಿದ್ದರು. ಅಡುಗೆ ಕಂತ್ರಾಟಿನವನು ಜಾಣ. ಕಸವನ್ನು ಬಡಿಸಿದೆನೆಂಬ ಹೆಸರು ಬಾರದಿರಲೆಂದು ಅದರ ಮುಂದೆ 'ಆರ್ಗ್ಯಾನಿಕ್ ಗ್ರೀನ್ ಸಲಾಡ್' ಎಂದು ಬರೆದು ನಿಲ್ಲಿಸಿದ್ದ. ಮಾಮನನ್ನು ವರ್ಷಗಟ್ಟಲೆ ಆಡಿಕೊಂಡ ಬಳಗವೆಲ್ಲ ತಟ್ಟೆ ಹಿಡಿದು ಅಲ್ಲಿ ಸಾಲು ನಿಂತಿತು. ಕಲಬುರಗಿಯ ಸಂಬಂಧಿಕರೊಬ್ಬರು ಎರಡನೇ ಸಲ ಹಾಕಿಸಿಕೊಂಡು, ಇಂಥದ್ದು ನಮ್ಮಲ್ಲಿ ಸಿಗುವುದೇ ಇಲ್ಲ, ಯಾವ ಮಾಲ್‌ನಿಂದ ತರಿಸಿದಿರಿ ಎಂದು ಮಾಮನನ್ನೇ ಕೇಳಿದರು. ನಿಮ್ಮ ಮನೆಯ ಕಂಪೌಂಡಿನಿಂದಲೇ, ಮೊನ್ನೆ ಬಂದಾಗ ಕಿತ್ತುಕೊಂಡು ಹೋಗಿದ್ದೆ ಎಂದು ಮಾಮ ಗಂಭೀರವಾಗಿ ತಿಳಿಸಿದ. ಅವರು ತಟ್ಟೆಯನ್ನೂ ನೋಡಿದರು, ಮಾಮನನ್ನೂ ನೋಡಿದರು. ಮೂರನೇ ಸಲ ಮಾತ್ರ ಹಾಕಿಸಿಕೊಳ್ಳಲಿಲ್ಲ.

ಮಗಳು ಕರಜಗಿಗೆ ಹೋದ ಮರುವರ್ಷ ಮಾಮನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು, ಜೀವಕ್ಕೆ ಅಪಾಯವಿತ್ತು. ಬಿಡುವಾಗ ರಕ್ತ ತೆಳುವಾಗುವ ಮಾತ್ರೆ ಬರೆದುಕೊಟ್ಟು, ಸೊಪ್ಪು ತಿಂದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ಇನ್ನು ಮೇಲೆ ಸೊಪ್ಪಿನ ಪಲ್ಯ ಬಂದ್ ಎಂದರು. ಮಾಮ ಜೀವಮಾನದಲ್ಲಿ ಕಲಿತ ವಾದವನ್ನೆಲ್ಲ ಹೂಡಿದ. ಮೊದಲು ಹತ್ತರಕಿಗೆ ವಿನಾಯಿತಿ ಕೇಳಿದ, ಆಮೇಲೆ ವಾರಕ್ಕೊಮ್ಮೆ ಕೇಳಿದ, ಕೊನೆಗೆ ಒಂದು ಎಲೆ ಕೇಳಿದ. ಡಾಕ್ಟರು ಒಪ್ಪಲಿಲ್ಲ. ಕಸ ತಿನ್ನುವ ಮಾಮನಿಗೆ ಕಸವೇ ನಿಷೇಧವಾಯಿತು ಎಂದು ಬಳಗದವರಿಗೆ ನಗಲು ಇನ್ನೊಂದು ವಿಷಯ ಸಿಕ್ಕಿತು. ಅತ್ತೆ ಮಾತ್ರ ನಗಲಿಲ್ಲ.

ಶ್ರಾವಣದಲ್ಲಿ ನಾನು ಆಳಂದಕ್ಕೆ ಹೋದೆ. ಮಳೆ ಚೆನ್ನಾಗಿ ಬಿದ್ದು ಹಿತ್ತಲ ತುಂಬ ಗೋಳಿ ಎದ್ದಿತ್ತು. ಮಾಮ ಕುರ್ಚಿಯಲ್ಲಿ ಕೂತು ಕೋಲಿನಿಂದ ತೋರಿಸುತ್ತಿದ್ದ. ಮೊಣಕಾಲು ನೋವಿನ ಅತ್ತೆ ಒಂದು ಕೈಯಿಂದ ಗೋಡೆ ಹಿಡಿದು ಬಗ್ಗಿ ಬಗ್ಗಿ ಕೀಳುತ್ತಿದ್ದಳು. ಯಾರೂ ತಿನ್ನದೆ ಬಲಿತು ಹೋಗುವುದನ್ನು ಮಾಮನ ಕಣ್ಣಿಂದ ನೋಡಲಾಗುತ್ತಿರಲಿಲ್ಲವಂತೆ. ನೀನಾದರೂ ತಿನ್ನು ಎಂದು ಅತ್ತೆಯನ್ನು ಕೇಳಿಕೊಂಡನಂತೆ.

ಊಟಕ್ಕೆ ಕೂತೆವು. ಮಾಮನ ತಟ್ಟೆಯಲ್ಲಿ ಹೀರೇಕಾಯಿ. ಅತ್ತೆ ತನ್ನ ತಟ್ಟೆಗೆ ಗೋಳಿ ಪಲ್ಯ ಹಾಕಿಕೊಂಡು ರೊಟ್ಟಿ ಮುರಿದಳು. ಮಾಮ ಅವಳ ಬಾಯನ್ನೇ ನೋಡುತ್ತ, ಹೇಗಾಗಿದೆ ಎಂದು ಕೇಳಿದ. ಅತ್ತೆ ಒಂದು ತುತ್ತು ನುಂಗಿ ಮುಖ ಕಿವುಚಿದಳು.

"ಏನೂ ರುಚಿ ಇಲ್ರಿ. ಬರೇ ನೀರು ನೀರು. ನೀವು ತಿಂತಿದ್ದಾಗಿನ ಗೋಳಿ ಅಲ್ಲ ಬಿಡ್ರಿ ಇದು."

ದಿನಾ ಇದೇ ಉತ್ತರವಂತೆ. ನನ್ನ ತಟ್ಟೆಗೂ ಒಂದಿಷ್ಟು ಬಡಿಸಿದಳು. ತಿಂದೆ. ಹುಳಿ, ಖಾರ, ಬೆಳ್ಳುಳ್ಳಿ ಎಲ್ಲ ಹದವಾಗಿ ಕೂತಿದ್ದವು. ನಾನು ಅಷ್ಟು ರುಚಿಯಾದ ಗೋಳಿ ಪಲ್ಯವನ್ನು ಅದಕ್ಕಿಂತ ಮೊದಲು ತಿಂದಿರಲಿಲ್ಲ. ಅತ್ತೆ ನನ್ನತ್ತ ಒಮ್ಮೆ ನೋಡಿದಳು. ನಾನೂ ಮುಖ ಕಿವುಚಿದೆ.

ಹೊರಡುವಾಗ ಮಾಮ ಕೋಲೂರಿಕೊಂಡು ಗೇಟಿನವರೆಗೆ ಬಂದ. ಹಿಂದೆ ತಿರುಗಿ, ಅತ್ತೆ ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಪಲ್ಯ ಚೆನ್ನಾಗಿತ್ತಲ್ಲವೇ ಎಂದು ಮೆಲ್ಲಗೆ ಕೇಳಿದ. ಸುಳ್ಳು ಹೇಳಲು ಆಗಲಿಲ್ಲ, ಹೌದೆಂದೆ.

"ನನಗ ಗೊತ್ತದ. ಆಕಿ ಮುಂದ ಹೇಳಬ್ಯಾಡ" ಎಂದು ಮಾಮ ಗೇಟು ಮುಚ್ಚಿಕೊಂಡ.